ಅಕ್ಕನ ಕಲ್ಲನ್ನು ನಾನಿಟ್ಟೆ

ನಾನು ಮಣೆಯ ಮೇಲಿಂದ ಏಳಲಿಲ್ಲ. ಏಳಬೇಕಾಗಿತ್ತು. ಅಕ್ಕನ ಮನೆಯ ಪಾಯಪೂಜೆಯ ದಿನ ಅವಳು ಕೂಡಬೇಕಾದ ಜಾಗದಲ್ಲಿ ನಾನು ಕೂತೆ, ಅವಳು ಇಡಬೇಕಾದ ಕಲ್ಲನ್ನು ನಾನು ಇಟ್ಟೆ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೂ ಯಾರೂ ಅದನ್ನು ತಪ್ಪು ಎನ್ನುತ್ತಿರಲಿಲ್ಲ, ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಅಂದು ಬಂದವರೆಲ್ಲ, ಅಕ್ಕನಿಗೆ ಆಸರೆಯಾದ ತಮ್ಮ ಎಂದು ನನ್ನ ಬೆನ್ನು ತಟ್ಟಿ, ಉಂಡು ಕೈ ತೊಳೆದುಕೊಂಡು ಹೋದರು.

ಕಳೆದ ವಾರ ಬೆಳಗಾವಿಯ ಆಟೋ ನಗರದಲ್ಲಿ ನನ್ನ ವೆಲ್ಡಿಂಗ್ ಅಂಗಡಿಯ ಬಾಜುವಿಗೆ ಹೊಸ ಶೆಡ್ಡಿನ ಕೆಲಸ ಶುರುವಾಯಿತು. ಟ್ರ್ಯಾಕ್ಟರಿನವನು ಖಾನಾಪುರದ ಇಟ್ಟಿಗೆ ತಂದು ಸುರಿದು ಹೋದ. ಯಾರೋ ಪೈಪು ಹಿಡಿದು ಅದರ ಮೇಲೆ ನೀರು ಬಿಟ್ಟರು. ಒಣಗಿದ ಇಟ್ಟಿಗೆ ನೀರು ಕುಡಿಯುವಾಗ ಸಣ್ಣಗೆ ಉಸಿರೆಳೆದಂಥ ಸದ್ದು ಬರುತ್ತದೆ. ಅದರ ಹಿಂದೆಯೇ ಆ ವಾಸನೆ, ಸುಟ್ಟ ಮಣ್ಣಿನದು, ಹೊಗೆಯದು... ಅಕ್ಕನ ಸೀರೆಯ ವಾಸನೆ ಅದು. ಕೈಯಲ್ಲಿದ್ದ ರಾಡನ್ನು ಕೆಳಗಿಟ್ಟು ಹೊರಗೆ ಬಂದು ನಿಂತೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಸಿಟ್ಟು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದವಳೂ ಅವಳೇ, ಸಾಲೆಗೆ ಎಳೆದುಕೊಂಡು ಹೋದವಳೂ ಅವಳೇ. ಏಳನೆಯ ಇಯತ್ತೆಗೆ ನಾನು ಸಾಲೆ ಬಿಟ್ಟಾಗ ಹುಣಸೆ ಬರಲಿನಿಂದ ಬಾರಿಸಿದಳು. ಮರುದಿನ ತಾನೇ ಬಸ್ಸು ಹತ್ತಿಸಿ ಬೆಳಗಾವಿಗೆ ಕರೆತಂದು ವೆಲ್ಡಿಂಗ್ ಕಲಿಯಲು ಹಚ್ಚಿದಳು. ಅವಳ ಗಂಡ ಮದುವೆಯಾದ ನಾಲ್ಕನೆಯ ವರ್ಷ ಕೆಲಸಕ್ಕೆಂದು ಗೋವಾಕ್ಕೆ ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಬದುಕಿದ ಸುದ್ದಿಯೂ ಇಲ್ಲ. ಅಕ್ಕ ಅವನನ್ನು ಹುಡುಕಲಿಲ್ಲ. ಖಾನಾಪುರದ ಒಂದು ಇಟ್ಟಿಗೆ ಭಟ್ಟಿಯಲ್ಲಿ ಕೆಲಸಕ್ಕೆ ನಿಂತಳು.

ಭಟ್ಟಿ ತೆರೆದಾಗ ಸುಟ್ಟ ಇಟ್ಟಿಗೆಗಳನ್ನು ಆರಿಸುವುದು ಅವಳ ಕೆಲಸ. ಒಂದಕ್ಕೆ ಇನ್ನೊಂದನ್ನು ಬಡಿದು ಕಿವಿಗೊಡುತ್ತಿದ್ದಳು. ಠಣ್ ಎಂದರೆ ಗಟ್ಟಿ, ಈ ಕಡೆ; ಡಬ್ ಎಂದರೆ ಪೊಳ್ಳು, ಆ ಕಡೆ. ಒಮ್ಮೆ ನಾನು ನೋಡುತ್ತ ನಿಂತಿದ್ದಾಗ ತಲೆ ಎತ್ತದೆಯೇ ಹೇಳಿದಳು: "ಮನಷ್ಯಾರ್ನೂ ಹಿಂಗ ಬಡದ ನೋಡಾಕ ಬರ್ತಿದ್ರ, ತಮ್ಮಾ, ನಂದು ಲಗ್ನನ ಆಗ್ತಿದ್ದಿಲ್ಲ." ಸುತ್ತಲಿನ ಹೆಂಗಸರು ನಕ್ಕರು. ನಾನೂ ನಕ್ಕೆ. ಆ ಇಟ್ಟಿಗೆ ಬಡಿಯುವ ಕೈ ಒಂದು ದಿನ ನನ್ನನ್ನೂ ಬಡಿದು ನೋಡುತ್ತದೆ, ನಾನೂ ಡಬ್ ಎನ್ನುತ್ತೇನೆ ಎಂದು ಆಗ ಗೊತ್ತಿರಲಿಲ್ಲ.

ಹತ್ತು ವರ್ಷ ಭಟ್ಟಿಯ ಬಿಸಿಗೆ ಮುಖ ಕೊಟ್ಟು ಅವಳು ಊರ ಅಂಚಿನಲ್ಲಿ ಒಂದು ತುಂಡು ಜಾಗ ತಗೊಂಡಳು, ತನ್ನ ಹೆಸರಿನಲ್ಲಿ. ಮನೆ ಕಟ್ಟುವ ಗೌಂಡಿ ಬರುವ ಮೊದಲೇ ತೆಂಗಿನ ಚಿಪ್ಪಿನಲ್ಲಿ ಸುಣ್ಣದ ಪುಡಿ ಹಿಡಿದು ನೆಲದ ಮೇಲೆ ತನ್ನ ಮನೆಯನ್ನು ತಾನೇ ಬರೆದಳು. ಅಡಿಗೆಮನೆ ದೊಡ್ಡದು, ಪಡಸಾಲೆ ಸಣ್ಣದು. ಗೌಂಡಿ ಖಾನಾಪುರದವನೇ, ಮನೆಯಲ್ಲಿ ಮರಾಠಿ, ನಮ್ಮೊಡನೆ ಕನ್ನಡ, ವಯಸ್ಸಾದ ಮನುಷ್ಯ. ಗೆರೆಗಳನ್ನು ನೋಡಿ ಮೀಸೆಯೊಳಗೇ ನಕ್ಕ.

"ಅಕ್ಕಾರ, ಇದು ಉಲ್ಟಾ ಆಗೇತ್ರಿ. ಮಂದಿ ಬಂದ್ರ ಎಲ್ಲಿ ಕುಂದರ್ಸತೀರಿ?"

"ಬಂದಾವ್ರು ಅಡಿಗಿಮನಿಗೇ ಬರ್ಲಿ. ರೊಟ್ಟಿ ಬಡಿಯೂ ಮುಂದ ನಾ ಒಬ್ಬಾಕಿ ಗೋಡಿ ಕೂಡ ಮಾತಾಡ್ಲೇನು?"

ಆಮೇಲೆ ಅವಳು ಒಂದು ಕೆಲಸ ಮಾಡಿದಳು. ಸೆರಗು ಬಿಗಿದು, ಅಡಿಗೆಮನೆಯ ಗೆರೆಗಳ ನಡುವೆ ಮಣ್ಣಿನ ಮೇಲೆ ಅಂಗಾತ ಮಲಗಿದಳು. ಕೈ ಚಾಚಿ ನೋಡಿದಳು, ಕಾಲು ಚಾಚಿ ನೋಡಿದಳು. ರಾತ್ರಿ ಒಲೆಯ ಬಾಜುವಿಗೇ ಮಲಗಬೇಕೆಂಬುದು ಅವಳ ಆಸೆ. ಬಾಡಿಗೆ ಕೋಣೆಯಲ್ಲಿ ಅವಳಿಗೆ ಮೊಣಕಾಲು ಮಡಚಿ ಮಲಗಿ ಮಲಗಿ ಸಾಕಾಗಿತ್ತು. ಎದ್ದು ಬೆನ್ನಿನ ಮಣ್ಣು ಝಾಡಿಸಿಕೊಂಡು, "ಸಾಕಾಗ್ತೈತಿ" ಎಂದಳು. ಅವಳ ಮುಖ ಆಗ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ...

ಪಾಯದ ಮೊದಲ ಕಲ್ಲನ್ನೂ ಅವಳೇ ಆರಿಸಿದ್ದಳು. ಮಲಪ್ರಭೆಯ ದಂಡೆಯಿಂದ ಒಂದು ಕರಿಕಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದು, ತಿಕ್ಕಿ ತೊಳೆದು ಇಟ್ಟಿದ್ದಳು.

ಪೂಜೆಯ ದಿನ ಬೆಳಿಗ್ಗೆ ಈಶಾನ್ಯ ಮೂಲೆಯ ಕುಣಿಯ ಮುಂದೆ ಎರಡು ಮಣೆ ಹಾಕಿದ್ದರು. ನಮ್ಮ ಸೋದರಮಾವ ಬೆಳಗಾವಿಯ ರವಿವಾರ ಪೇಟೆಯಿಂದ ಬಂದಿದ್ದ. ಅಲ್ಲಿ ಅವನದು ಬೆಲ್ಲದ ಅಂಗಡಿ. ಮನೆತನದಲ್ಲಿ ಹಿರಿಯ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಶ್ರಾವಣದಲ್ಲಿ ಮಠದಲ್ಲಿ ಕುಳಿತು ನಮ್ಮ ಧರ್ಮದಲ್ಲಿ ಸೂತಕವಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ಮಂದಿಗೆ ಹೇಳುವವನು. ಅವನೇ ನನ್ನ ಮೊಣಕೈ ಹಿಡಿದು ನನ್ನನ್ನೂ ನನ್ನ ಹೆಂಡತಿಯನ್ನೂ ಮಣೆಯ ಮೇಲೆ ಕೂರಿಸಿದ. ಅಕ್ಕ ಅಷ್ಟರಲ್ಲಿ ಹೊಸ ಇಳಕಲ್ ಸೀರೆ ಉಟ್ಟು, ಕಲ್ಲನ್ನು ಎದೆಗವಚಿಕೊಂಡು ಬಂದಳು.

"ಜೋಡಿ ಕುಂದರಬೇಕವಾ," ಎಂದ ಮಾವ. "ಗಂಡ ಬಿಟ್ಟಾಕಿ ಕಲ್ಲಿಟ್ರ ಮನಿ ಏಳಿಗಿ ಆಗೂದಿಲ್ಲ. ನಿನ್ನ ಒಳ್ಳೇದಕ್ಕ ಹೇಳ್ತೀನಿ."

ಪೂಜೆಗೆ ಬಂದ ಅಯ್ಯನವರು ಬಿಲ್ವಪತ್ರಿ ಬಿಡಿಸುತ್ತಿದ್ದ ಕೈ ನಿಲ್ಲಿಸಿದರು. ಅವರು ಮಾವನಂತೆ ಮಾತಾಡಲಿಲ್ಲ. "ನನ್ನ ಕಡಿಂದ ಅಡ್ಡಿ ಇಲ್ಲ. ಜಾಗಾ ಆಕಿದು, ಕಲ್ಲು ಆಕಿದು. ಆಕಿನ ಕುಂದರ್ಲಿ," ಎಂದು ನನ್ನ ಕಡೆ ತಿರುಗಿದರು. "ತಮ್ಮಾ, ನೀ ಏನಂತಿ?"

ಇದನ್ನು ನನಗೆ ಮರೆಯಲು ಆಗುವುದಿಲ್ಲ. ಮಾವನನ್ನು ಬೈದುಕೊಂಡು ಹಗುರಾಗಲು ಎಷ್ಟೋ ಸಲ ನೋಡಿದ್ದೇನೆ. ಆದರೆ ಮಾತು ಕೊನೆಗೆ ನನ್ನ ಹತ್ತಿರ ಬಂದು ನಿಂತಿತ್ತು. ಏಳುವುದಕ್ಕೆ ಎಷ್ಟು ಹೊತ್ತು ಬೇಕು? ಹೆಂಡತಿ ಬಾಜುವಿನಿಂದ ಮೆಲ್ಲಗೆ, "ಏಳ್ರಿ, ಅಕ್ಕಾರು ಕುಂದರ್ಲಿ," ಎಂದಳು. ನಾನು ಅವಳ ಮೊಣಕಾಲು ಒತ್ತಿ ಸುಮ್ಮನಾಗಿಸಿದೆ. ಅವಳ ತವರಿನವರು ಎದುರಿಗೇ ನಿಂತಿದ್ದರು. ನನ್ನ ತಲೆಗೆ ಅಂದು ಕೇಸರಿ ರುಮಾಲು ಸುತ್ತಿದ್ದರು. ಮೈಮೇಲೆ ಕಿಡಿ ಬಿದ್ದು ತೂತಾದ ಅಂಗಿ ತೊಟ್ಟೇ ದಿನ ಕಳೆಯುವ ನನಗೆ ಮೊದಲ ಬಾರಿಗೆ ನಾಲ್ಕು ಮಂದಿಯ ಮುಂದೆ ದೊಡ್ಡ ಮನುಷ್ಯನಾದಂತೆ ಅನಿಸಿತ್ತು. ಖರೇ ಹೇಳುತ್ತೇನೆ, ಹೆದರಿಕೆಗಿಂತ ಆ ಸುಖವೇ ಹೆಚ್ಚಿತ್ತು. ನಾನು ಏಳಲಿಲ್ಲ. ಬಾಯಿಯನ್ನೂ ತೆರೆಯಲಿಲ್ಲ. ಅಕ್ಕನ ಕಡೆ ಎರಡೂ ಕೈ ಚಾಚಿದೆ.

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಕಲ್ಲನ್ನು ನನ್ನ ಕೈಗೆ ಕೊಟ್ಟಳು. ಅವಳ ಎದೆಯ ಬಿಸಿ ಅದಕ್ಕೆ ಇನ್ನೂ ಇತ್ತು. ಪೂಜೆ ಮುಗಿಯುವ ತನಕ ಅವಳು ಉಸುಕಿನ ಗುಂಪಿಯ ಹತ್ತಿರ ನಿಂತಿದ್ದಳು, ಬಂದವರಿಗೆ ನೀರು ಕೊಡುತ್ತ. ತನ್ನ ಮನೆಗೆ ತಾನೇ ನೆಂಟರವಳಂತೆ.

ಅಂದಿನಿಂದ ಎಲ್ಲರೂ ನನ್ನನ್ನು ಮಾಲಕ ಎನ್ನತೊಡಗಿದರು. ಸಿಮೆಂಟಿನವನು ನನಗೆ ಫೋನು ಮಾಡುತ್ತಿದ್ದ, ಉಸುಕಿನವನು ನನಗೆ ಮಾಡುತ್ತಿದ್ದ. ಅಕ್ಕ ಎದುರಿಗೆ ನಿಂತು ಹೇಳಿದರೂ, "ಮಾಲಕರಿಗೊಂದು ಮಾತು ಕೇಳ್ತೇವ್ರಿ" ಎನ್ನುತ್ತಿದ್ದರಂತೆ. ಕಲ್ಲು ಇಟ್ಟವನೇ ಮಾಲಕ, ಅದು ನಮ್ಮ ಕಡೆಯ ತಿಳಿವಳಿಕೆ. ನಾನೂ ಬೇಡ ಎನ್ನಲಿಲ್ಲ. ಆಟೋ ನಗರದಲ್ಲಿ ನಾಲ್ಕು ಮಂದಿ ಕೇಳುವಂತೆ ಜೋರಾಗಿ, "ಹಾಂ, ಖಾನಾಪುರದಾಗ ನಮ್ಮ ಮನಿ ನಡದೈತಿ" ಎಂದು ಹೇಳಿಕೊಂಡೆ.

ಒಂದು ಮಧ್ಯಾಹ್ನ ಗೌಂಡಿಯ ಫೋನು ಬಂತು. ಮಾವ ಬಂದು ನಿಂತಿದ್ದಾನೆ, ವಾಸ್ತು ಸರಿಯಿಲ್ಲ ಎನ್ನುತ್ತಾನೆ, ಅಡಿಗೆಮನೆಯನ್ನು ಆಗ್ನೇಯಕ್ಕೆ ಸರಿಸಿ ಸಣ್ಣದು ಮಾಡಬೇಕಂತೆ, ಪಡಸಾಲೆಯನ್ನು ದೊಡ್ಡದು ಮಾಡಬೇಕಂತೆ. "ಅಕ್ಕಾರು ಭಟ್ಟಿಗಿ ಹೋಗ್ಯಾರ. ಸಂಜಿಗಿ ಬರ್ಲಿ, ಕೇಳೂಣ್ರಿ," ಎಂದ ಗೌಂಡಿ. ನಾನು ಒಂದು ಕೈಯಲ್ಲಿ ಲಾರಿಯ ಕಬ್ಬಿಣ ಹಿಡಿದಿದ್ದೆ. "ಮಾಮಾ ಹೇಳಿದಂಗ ಮಾಡ್ರಿ," ಎಂದು ಫೋನು ಇಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಎರಡು ದಿನ ಬಿಟ್ಟು ಅಕ್ಕ ಬರಹೇಳಿದಳು. ನಾನು ಹೋಗಿ ಮುಟ್ಟುವ ಹೊತ್ತಿಗೆ ಒಳಗೋಡೆಯ ಪಾಯ ನೆಲದಿಂದ ಗೇಣು ಮೇಲೆ ಬಂದಿತ್ತು. ಅವಳು ಹೊಸ ಅಡಿಗೆಮನೆಯೊಳಗೆ ಹೋಗಿ, ಅಂದಿನಂತೆಯೇ ಸೆರಗು ಬಿಗಿದು ಅಂಗಾತ ಮಲಗಿದಳು. ಅವಳ ಕಾಲು ಪಾಯದ ಕಲ್ಲಿನ ಮೇಲೆ ಬಂದು ಹೊರಗೆ ಚಾಚಿದವು. ಹಿಮ್ಮಡಿಗಳು ಗಾಳಿಯಲ್ಲಿ. ಗೌಂಡಿ ಮುಖ ತಿರುಗಿಸಿದ.

ಮಲಗಿದಲ್ಲಿಂದಲೇ ಹೇಳಿದಳು: "ನೀ ಇಟ್ಟ ಕಲ್ಲು, ನಿನ್ನ ಮನಿ. ನೀನ ಕಟ್ಟಿಕೋ."

"ಅಕ್ಕಾ, ಇಷ್ಟ ಸಣ್ಣದಕ್ಕ ಸಿಟ್ಟಾಗ್ತಿ?" ಎಂದೆ ನಾನು. ಸಣ್ಣದಕ್ಕೆ. ಆ ಮಾತನ್ನು ಆಡಿದ ನಾಲಿಗೆಯ ಮೇಲೆ ಕಾಸಿದ ರಾಡು ಇಡಬೇಕು ಎಂದು ಎಷ್ಟು ಸಲ ಅನಿಸಿದೆ...

ಅಲ್ಲಿಗೆ ಕೆಲಸ ನಿಂತಿತು. ಅವಳು ಮತ್ತೆ ಆ ಜಾಗಕ್ಕೆ ಕಾಲಿಡಲಿಲ್ಲ. ಬಾಡಿಗೆ ಕೋಣೆಯಲ್ಲೇ ಉಳಿದಳು. ಆ ವರ್ಷ ನಾಗರ ಪಂಚಮಿಗೆ ನಾನು ಅವಳನ್ನು ತವರಿಗೆ ಕರೆಯಲು ಹೋಗಲಿಲ್ಲ. ಅವಳೇ ಮೊದಲು ಮಾತಾಡಲಿ ಎಂಬ ಸೊಕ್ಕು. ಅವಳು ಬಸ್ಸಿನ ಕಂಡಕ್ಟರನ ಕೈಯಲ್ಲಿ ನನ್ನ ಮಕ್ಕಳಿಗೆ ಶೇಂಗಾ ಉಂಡಿ ಕಳಿಸಿದಳು. ನಾನು ತಿಂದೆ. ಮುಂದಿನ ಪಂಚಮಿಗೂ ಹೋಗಲಿಲ್ಲ. ಅವಳೂ ಉಂಡಿ ಕಳಿಸಲಿಲ್ಲ. ಭಟ್ಟಿಯ ಹೊಗೆ ಅವಳ ಎದೆ ಹಿಡಿದಿದ್ದು ನನಗೆ ಗೊತ್ತಾದದ್ದು ಅವಳು ಹೋದ ದಿನವೇ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತೇವೆ, ಮಂದಿ ಬಂದು ನೋಡಿ ಹೂವಿಟ್ಟು ಹೋಗುತ್ತಾರೆ. ಬಾಡಿಗೆ ಕೋಣೆಯ ಮಾಲಕ ಬಾಗಿಲಲ್ಲಿ ನಿಂತು, "ನಮ್ಮ ಮನ್ಯಾಗ ಶುಭಕಾರ್ಯೇ ಐತ್ರಿ, ಹೊರಗ ತಗೊಂಡ ಹೋಗ್ರಿ," ಎಂದ. ಎಲ್ಲಿಗೆ ಎಂದು ಯಾರಿಗೂ ತೋಚಲಿಲ್ಲ. ಗೌಂಡಿಯೇ ಹೇಳಿದ: "ಸ್ವಂತ ಜಾಗಾ ಐತಲ್ರಿ ಅಕ್ಕಾರದು."

ಹೀಗೆ ಅಕ್ಕ ತನ್ನ ಮನೆಗೆ ಬಂದಳು. ಪಾಯದ ಕಟ್ಟೆಯ ಮೇಲೆ ಹುಲ್ಲು ಬೆಳೆದಿತ್ತು. ಕೂರಿಸಬೇಕೆಂದರೆ ಒರಗಿಸಲು ಒಂದು ಗೋಡೆಯಿಲ್ಲ. ನಾನು ಅವಳ ಭುಜ ಹಿಡಿದು ನಿಂತಿದ್ದೆ, ತಲೆ ನನ್ನ ಕೈಮೇಲೆ ವಾಲುತ್ತಿತ್ತು. ಗೌಂಡಿ ಅಂಗಿಯ ತೋಳು ಮಡಚಿ, ಅವಳೇ ಆರಿಸಿ ಒಟ್ಟಿದ್ದ ಇಟ್ಟಿಗೆಗಳನ್ನು ತಂದು, ಸಿಮೆಂಟಿಲ್ಲದೆ, ಒಂದರ ಮೇಲೊಂದು ಏರಿಸಿದ. ಪ್ರತಿ ಇಟ್ಟಿಗೆ ಕೂತಾಗಲೂ ಠಣ್ ಎಂದಿತು. ಎದೆ ಮಟ್ಟದ ಗೋಡೆ. ಅಕ್ಕನ ಮನೆಗೆ ಎದ್ದ ಗೋಡೆ ಅದೊಂದೇ. ಅದಕ್ಕೆ ಒರಗಿಸಿ, ಈಶಾನ್ಯ ಮೂಲೆಯಲ್ಲಿ, ಅಂದು ಮಣೆ ಹಾಕಿದ್ದ ಜಾಗದಲ್ಲೇ ಅವಳನ್ನು ಕೂರಿಸಿದೆವು. ಬದುಕಿದ್ದಾಗ ಕೂಡಗೊಡದ ಜಾಗದಲ್ಲಿ. ಆಗ ಮಾವನಿಗೆ ಜೋಡಿ ನೆನಪಾಗಲಿಲ್ಲ. ಬಂದು, ಬಗ್ಗಿ, ಹೂವು ಇಟ್ಟು, "ಪುಣ್ಯವಂತಿ" ಎಂದ. ನನ್ನ ಕೈ ಮುಷ್ಟಿಯಾಗಿತ್ತು. ಎತ್ತಲಿಲ್ಲ. ಅವನನ್ನು ಹೊಡೆಯುವ ಹಕ್ಕು ನನಗೆಲ್ಲಿತ್ತು?

ಕಳೆದ ವಾರ ಆ ಇಟ್ಟಿಗೆಯ ವಾಸನೆ ಮೂಗು ಬಿಡಲಿಲ್ಲ. ಮರುದಿನ ಅಂಗಡಿ ಮುಚ್ಚಿ ಬೈಕಿನ ಮೇಲೆ ಖಾನಾಪುರಕ್ಕೆ ಹೋದೆ. ಗೌಂಡಿ ತೀರಿಕೊಂಡು ಎರಡು ವರ್ಷವಾಯಿತೆಂದು ಅಲ್ಲೇ ತಿಳಿಯಿತು. ಪಾಯದ ಕಟ್ಟೆಯ ಮೇಲೆ ಬಾಜು ಮನೆಯವರು ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಗೌಂಡಿ ಒಟ್ಟಿದ ಗೋಡೆಯನ್ನು ಯಾರೋ ಒಂದೊಂದಾಗಿ ಒಯ್ದಿದ್ದರು, ನಾಲ್ಕೋ ಐದೋ ಇಟ್ಟಿಗೆ ಉಳಿದಿದ್ದವು. ಒಳ್ಳೆಯ ಇಟ್ಟಿಗೆ, ಒಯ್ಯದೆ ಬಿಡುತ್ತಾರೆಯೇ.

ನಾನು ಚಪ್ಪಲಿ ಬಿಟ್ಟು ಅಡಿಗೆಮನೆಯೊಳಗೆ ಮಲಗಿದೆ. ಅಕ್ಕನಿಗಿಂತ ನಾನು ಗಿಡ್ಡ. ಆದರೂ ಕಾಲು ಹೊರಗೆ ಚಾಚಿದವು.

ಬಟ್ಟೆ ತೆಗೆಯಲು ಬಂದ ಹೆಣ್ಣುಮಗಳು ಗಾಬರಿಯಾಗಿ ನಿಂತಳು. "ಯಾರ್ರಿ ನೀವು? ಈ ಜಾಗಾದ ಮಾಲಕರೇನ್ರಿ?"

"ಅಲ್ರಿ," ಎಂದೆ, ಎದ್ದು ನಿಂತು. "ಮಾಲಕರು ನಮ್ಮ ಅಕ್ಕ."

ಅವಳು ಸುತ್ತ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ನಾನು ಈಶಾನ್ಯ ಮೂಲೆಗೆ ಹೋಗಿ ಉಳಿದ ಇಟ್ಟಿಗೆಗಳ ಮುಂದೆ ನಿಂತೆ. ಆ ಹೆಣ್ಣುಮಗಳು ಕೇಳಿಸಿಕೊಳ್ಳುತ್ತಾಳೆಂದು ದನಿ ಇಳಿಸಲಿಲ್ಲ. ಅಂದು ಮಂದಿಯ ಮುಂದೆ ಸುಮ್ಮನಿದ್ದವನು ಇಂದು ಒಬ್ಬರಾದರೂ ಕೇಳುವಂತೆ ಹೇಳಬೇಕಿತ್ತು.

"ಅಕ್ಕಾ, ಅಯ್ಯಾರು ನನ್ನ ಕೇಳಿದ್ರು. ನಾ ಏಳಬೇಕಾಗಿತ್ತು, ಏಳಲಿಲ್ಲ. ನಿನ್ನ ಕಲ್ಲು ನಿನ್ನ ಕೈಯಿಂದ ಕಸಗೊಂಡೆ. ತಪ್ಪು ಮಾಮಾಂದಲ್ಲ, ನಂದು. ತಪ್ಪಾತು ಅಕ್ಕಾ."