ಐದು ವರ್ಷವೋ, ಮೂರು ಕೂಡಿಸಿ ಮೂರೋ

ಪಿಯುಸಿ ಮುಗಿದ ಬೇಸಿಗೆಯಲ್ಲಿ ಬೆಳಗಾವಿಯ ಐದು ವರ್ಷದ ಕಾನೂನು ಕೋರ್ಸಿಗೆ ಅರ್ಜಿ ತುಂಬಿಟ್ಟಿದ್ದೆ. ಜುಗೂಳದ ನಮ್ಮ ಓಣಿಯಲ್ಲಿ ಆಗಲೇ ಕೆಲವರು ನನ್ನನ್ನು ವಕೀಲಬಾಯಿ ಎಂದು ಕರೆಯುತ್ತಿದ್ದರು. ನಾನು ಬೇಡವೆನ್ನುತ್ತಿರಲಿಲ್ಲ. ಮನೆಯಲ್ಲಿ ನಾವು ಇಬ್ಬರೇ. ಅವ್ವ ಬೇರೆಯವರ ಕಬ್ಬಿನ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು.

ವಿದ್ಯಾರ್ಥಿವೇತನಕ್ಕೆ ಒಂದು ಅಫಿಡವಿಟ್ ಬೇಕಾಗಿ ಇಬ್ಬರೂ ಚಿಕ್ಕೋಡಿ ಕೋರ್ಟಿಗೆ ಹೋದೆವು. ನೋಟರಿ ನಲವತ್ತು ದಾಟಿದ ವಕೀಲೆ. ನನ್ನ ಅರ್ಜಿಯ ಮೇಲೆ ಕಣ್ಣಾಡಿಸಿ, "ವಕೀಲಕಿ ಮಾಡಾಕೇನವಾ?" ಎಂದು ಕೇಳಿದರು.

"ಹೌದ್ರಿ."

"ಚಲೋ. ಆದ್ರ ಕರಿ ಕೋಟ್ ಹಾಕ್ಕೊಂಡ ಕೂಡಲೇ ದುಡಿಮಿ ಅನ್ಕೋಬ್ಯಾಡ. ನಾ ಮೂರು ವರ್ಷ ಸೀನಿಯರ್ ವಕೀಲರ ಫೈಲ್ ಹೊತ್ತೀನಿ. ಸಿಕ್ಕಿದ್ದು ಮಧ್ಯಾಹ್ನದ ಚಾ ಅಷ್ಟ."

ಅವ್ವ ನಡುವೆ ಬಾಯಿ ಹಾಕಿದಳು. "ಬಾಯಾರ, ಒಂದ್ ಕೇಳ್ತೀನ್ರಿ. ಮೂರು ವರ್ಷ ಓದಿದ ಮ್ಯಾಗ ನಂಗ ಏನರ ಆಗಿ ಇಕಿ ಬಿಡೂ ಹಂಗ ಆತಂದ್ರ, ಕೈಯಾಗ ಏನ್ ಉಳೀತೈತ್ರಿ?"

ನನಗೆ ನಾಚಿಕೆಯಾಯಿತು. ವಕೀಲೆ ಮಾತ್ರ ಎತ್ತಿದ ಸೀಲನ್ನು ಹಾಗೇ ಹಿಡಿದು ಅವ್ವನ ಕಡೆ ತಿರುಗಿದರು.

"ಏನೂ ಇಲ್ರಿ ಅವ್ವಾರ. ಐದೂ ಮುಗಿಸಿದ್ರ ಡಿಗ್ರಿ. ನಾಕಕ್ಕ ಬಿಟ್ರ ಪಿಯುಸಿನ. ಇಲ್ಲೇ ಮೂರು ವರ್ಷ ಬಿಎ ಮಾಡಿ, ಆಮ್ಯಾಲ ಮೂರು ವರ್ಷ ಕಾನೂನು ಓದಿದ್ರ, ನಡುವ ಒಂದು ಡಿಗ್ರಿ ಅರ ಕೈಯಾಗ ಇರತೈತಿ."

"ಒಂದ್ ವರ್ಷ ಹೆಚ್ಚಾಗತೈತಿ," ಎಂದೆ.

"ಆಗಲೇಳ," ಎಂದಳು ಅವ್ವ. "ಜಡ್ಜ್ ಸಾಹೇಬ್ರು ನಿನಗಂತ ಕುರ್ಚಿ ಬಿಟ್ಟು ಎದ್ದಾರೇನ?"

ವಕೀಲೆ ನಕ್ಕರು. ನಾನು ನಗಲಿಲ್ಲ. ಅವರು ಕಪಾಟಿನಿಂದ ಹೊಲದ ಹಳೆಯ ಖರೀದಿ ಪತ್ರವೊಂದನ್ನು ತೆಗೆದು ನನ್ನ ಮುಂದಿಟ್ಟರು. "ಇದನ್ನ ಓದಾಕ ಬರತೈತೇನ?" ಎಂದರು. ಅದು ಮರಾಠಿಯಲ್ಲಿತ್ತು. ಅವ್ವನ ತವರು ಹೊಳೆಯ ಆಚೆ, ಮಹಾರಾಷ್ಟ್ರದಲ್ಲಿ. ರಜೆಯಲ್ಲಿ ಅಲ್ಲಿ ಪತ್ರಿಕೆ ಓದಿ ಓದಿ ಕಲಿತಿದ್ದೆ. ತಡವರಿಸುತ್ತ ಒಂದು ಪುಟ ಓದಿದೆ.

"ಶನಿವಾರ ಬಾ. ಇಂಥವು ಕಪಾಟ ತುಂಬ ರಗಡ ಅದಾವ, ಕನ್ನಡಕ್ಕ ಬರದು ಕೊಡು. ಪುಕ್ಕಟ ಅಲ್ಲ ಮತ್ತ," ಎಂದರು ವಕೀಲೆ.

ಮನೆಗೆ ಬಂದ ಮೇಲೆ ನಾಲ್ಕು ದಿನ ಅವ್ವನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದೆ. ಅವಳು ರೊಟ್ಟಿ ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗಾವಿಯ ಹಾಸ್ಟೆಲಿನಲ್ಲಿ ನನ್ನ ಮಂಚ ಯಾವ ಕಿಟಕಿಯ ಪಕ್ಕದಲ್ಲಿರಬೇಕು ಎಂಬುದನ್ನೂ ನಾನು ಯೋಚಿಸಿಯಾಗಿತ್ತು. ಐದನೆಯ ದಿನ ಚಿಕ್ಕೋಡಿಯಲ್ಲಿ ಬಿಎಗೆ ಹೆಸರು ಹಚ್ಚಿದೆ.

ಶನಿವಾರಗಳು ವಕೀಲೆಯ ಆಫೀಸಿನಲ್ಲಿ ಕಳೆದವು. ಬಾವಿಯ ನೀರಿನಲ್ಲಿ ಯಾರಿಗೆ ಎಷ್ಟು ದಿನದ ಪಾಲು, ಯಾವ ತಂಗಿ ತನಗೆ ಏನೂ ಬೇಡವೆಂದು ಹೆಬ್ಬೆಟ್ಟು ಒತ್ತಿದಳು ಎಂಬುದನ್ನು ಕನ್ನಡಕ್ಕೆ ತರುತ್ತ ಕೂರುತ್ತಿದ್ದೆ. ಬೇಡವೆಂದ ತಂಗಿಯರು ಬಹಳ ಜನ. ಎರಡನೆಯ ವರ್ಷದ ಮಳೆಗಾಲದಲ್ಲಿ ಅವ್ವ ಬದುವಿನ ಮೇಲೆ ಜಾರಿ ಬಿದ್ದು ಎರಡು ತಿಂಗಳು ಹಾಸಿಗೆ ಹಿಡಿದಳು. ಆ ಸಲದ ಪರೀಕ್ಷೆ ತಪ್ಪಿತು, ಮುಂದಿನ ಸಲ ಬರೆದೆ. ಬೆಳಗಾವಿಯಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಐದು ವರ್ಷದ ಕೋರ್ಸಿಗೆ ಹೋದ ನನ್ನ ಸಹಪಾಠಿ ಚೆನ್ನಾಗಿಯೇ ಓದುತ್ತಿದ್ದಳು. ಹಾಗಾಗಿ ನನ್ನ ದಾರಿಯೇ ಎಲ್ಲರಿಗೂ ಸರಿ ಎಂದು ಹೇಳಲಾರೆ.

ಬಿಎ ಫಲಿತಾಂಶ ಬಂದ ದಿನ ಅವ್ವ ಹೇಳಿದಳು: "ಬ್ಯಾಂಕಿನ ಪರೀಕ್ಷೆ ಬರೀತಿದ್ರ ಬರಿ. ನನಗಂತ ಕೋರ್ಟಿಗೆ ಹೋಗಬ್ಯಾಡ."

ಕಾನೂನು ಬಿಡಲು ಅಡ್ಡಿಯಿಲ್ಲ ಎಂದಾಗಲೇ ನನಗೆ ಬಿಡುವ ಮನಸ್ಸಿಲ್ಲವೆಂಬುದು ತಿಳಿಯಿತು. ಮರುವಾರ ಮೂರು ವರ್ಷದ ಕಾನೂನು ಕೋರ್ಸಿನ ಅರ್ಜಿ ತಂದು, ಪಾಲಕರು ಸಹಿ ಮಾಡುವ ಜಾಗ ತೋರಿಸಿದೆ. ಅವ್ವ ಪೆನ್ನು ತೆಗೆದುಕೊಂಡಳು, ಬರೆಯಲಿಲ್ಲ.

"ಮೊದಲ ಪೂರಾ ಓದಿ ಹೇಳ."

ಸಣ್ಣ ಅಕ್ಷರದ ನಿಯಮಗಳನ್ನೂ ಬಿಡದೆ ಓದಿದೆ. ಎರಡು ಕಡೆ ನಿಲ್ಲಿಸಿ ಅರ್ಥ ಕೇಳಿದಳು. ಒಂದು ನನಗೂ ಗೊತ್ತಿರಲಿಲ್ಲ. ಅದರ ಪಕ್ಕ ಪೆನ್ಸಿಲಿನಿಂದ ಗುರುತು ಹಾಕಿಸಿ, ಆಮೇಲೆ ಸಹಿ ಮಾಡಿದಳು.