ಕೇಳದೆ ಕೊಟ್ಟ ಉತ್ತರ

ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಆಸ್ಪರಿ ಕಡೆಯ ಹಳ್ಳಿಯಲ್ಲಿ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆದೋನಿಯ ನಮ್ಮ ಮನೆಗೆ ಬಂದಳು. ನಮ್ಮ ಮನೆಮಾತು ಕನ್ನಡ, ಊರ ಮಾತು ತೆಲುಗು. ತೆಲುಗು ಅವಳಿಗೆ ಬಾರದ್ದೇನಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಚೌಕಾಸಿ ಮಾಡುವಷ್ಟು ಬರುತ್ತಿತ್ತು. ಮೈಯೊಳಗಿನ ನೋವನ್ನು ಹೇಳಿಕೊಳ್ಳುವಷ್ಟು ಬರುತ್ತಿರಲಿಲ್ಲ. ಅದಕ್ಕೇ ಹೊಟ್ಟೆನೋವು ಶುರುವಾದಾಗ ಆಸ್ಪತ್ರೆಗೆ ನಾನು ಜೊತೆಗೆ ಹೋದೆ.

ಅದಕ್ಕೂ ಮೊದಲು ಅವಳು ಎಷ್ಟೋ ದಿನ ಜೀರಿಗೆ ನೀರು ಕುಡಿದು, ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ತಳ್ಳಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನವರು, ಕನ್ನಡ ಗೊತ್ತಿಲ್ಲ. ಹೊರಗೆ ಸಾಲು ಬಾಗಿಲಿನಾಚೆಗೂ ಬೆಳೆದಿತ್ತು.

"ಕೆಳಹೊಟ್ಟಿ ಹಿಂಡಿದಂಗ ಆಗ್ತೈತಿ ಅಂತ ಹೇಳಪ್ಪ," ಎಂದಳು ಚಿಗವ್ವ. ಹೇಳಿದೆ.

ಅವರು ಬರೆಯುತ್ತಲೇ, ಮುಟ್ಟು ನಿಂತ ಮೇಲೆ ರಕ್ತ ಏನಾದರೂ ಹೋಗುತ್ತಿದೆಯಾ ಕೇಳಿ ಎಂದು ಇಂಗ್ಲಿಷ್ ಬೆರೆತ ತೆಲುಗಿನಲ್ಲಿ ನನಗೆ ಹೇಳಿದರು.

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಆ ಮಾತನ್ನು ಅವಳ ಮುಖ ನೋಡಿ ಕೇಳಲು ನನ್ನ ನಾಲಿಗೆ ಏಳಲಿಲ್ಲ. "ಲೇದು ಸಾರ್," ಎಂದುಬಿಟ್ಟೆ. ಇಲ್ಲ ಎಂದು.

"ಏನ್ ಕೇಳಿದ್ರಪ್ಪ?" ಎಂದಳು.

"ಊಟ ಸರಿ ಮಾಡ್ತಾರೇನು ಅಂತ."

"ಮಾಡ್ತಾಳ ಅನ್ನು," ಎಂದು ಸೆರಗು ಸರಿಮಾಡಿಕೊಂಡಳು.

ಗ್ಯಾಸಿನ ಗುಳಿಗೆ ಕೊಟ್ಟರು. ಮುಗಿದಾಗ ಮತ್ತೆ ಹೋದೆವು, ಮತ್ತೆ ಅದೇ ಗುಳಿಗೆ. ಆ ಪ್ರಶ್ನೆ ಚೀಟಿಯಲ್ಲಿ ಉತ್ತರ ಪಡೆದು ಕೂತಿತ್ತು. ಎರಡನೇ ಸಲ ಯಾರೂ ಕೇಳಲಿಲ್ಲ.

ಕೊನೆಗೆ ತಿಳಿದದ್ದು ನನ್ನ ಹೆಂಡತಿಗೆ. ಚಿಗವ್ವ ತನ್ನ ಬಟ್ಟೆಯನ್ನು ಯಾರೂ ಏಳುವ ಮೊದಲೇ ಬೇರೆಯಾಗಿ ಒಗೆದುಕೊಳ್ಳುವುದನ್ನು ಅವಳು ಗಮನಿಸಿದ್ದಳು.

"ಬಾಳ ತಿಂಗಳಿಂದ ರಕ್ತ ಹೋಗಾಕತ್ತೈತಂತ. ನಿಮ್ಮ ಮುಂದ ಆಕಿ ಹೆಂಗ ಹೇಳ್ತಾಳ್ರಿ?" ಎಂದಳು.

ಈ ಸಲ ಹೆಂಡತಿಯೇ ಕರೆದುಕೊಂಡು ಹೋದಳು. ಅಲ್ಲಿಂದ ಕರ್ನೂಲಿನ ದೊಡ್ಡಾಸ್ಪತ್ರೆಗೆ ಕಳಿಸಿದರು, ನಾನೂ ಜೊತೆಗೆ ಹೋದೆ. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್, ಸುತ್ತಲೂ ಹರಡಿದೆ ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಅಲ್ಲಿನ ಡಾಕ್ಟರಮ್ಮ ಚಿಗವ್ವನನ್ನು ಗದರಿದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಚಿಗವ್ವ ಅರ್ಥವಾಗದೆ ನನ್ನ ಕಡೆ ನೋಡಿದಳು. ಅದನ್ನೂ ನಾನು ಕನ್ನಡದಲ್ಲಿ ಹೇಳಲಿಲ್ಲ.

ಮನೆಗೆ ಕರೆತಂದ ಮೇಲೆ ಒಂದು ಮಧ್ಯಾಹ್ನ, ಅವಳಿಗೆ ಗಂಜಿ ಕುಡಿಸುತ್ತಾ ಹೇಳಿಬಿಟ್ಟೆ. "ಚಿಗವ್ವ, ಮೊದಲ ಸಲ ಹೋದಾಗನ ಡಾಕ್ಟರು ಇದನ್ನ ಕೇಳಿದ್ರು. ನಾನು ನಿನ್ನ ಕೇಳಲಿಲ್ಲ. ನಾನ ಇಲ್ಲ ಅಂದೆ."

ಅವಳು ಗಂಜಿಯ ಬಟ್ಟಲನ್ನು ಕೈಯಿಂದ ಸರಿಸಿದಳು. "ನೀನು ಕೇಳಿದ್ರೂ ನಾನು ಇಲ್ಲ ಅಂತಿದ್ದೆ ಬಿಡಪ್ಪ," ಎಂದು ಗೋಡೆಯ ಕಡೆ ಹೊರಳಿದಳು.

ಹತ್ತಿ ಬಿಡಿಸುವ ದಿನಗಳು ಬರುವಷ್ಟರಲ್ಲಿ ತೀರಿಕೊಂಡಳು.

ಅವಳು ನಿಜ ಹೇಳಿದಳೋ, ನನ್ನನ್ನು ಉಳಿಸಲು ಹಾಗೆಂದಳೋ ಗೊತ್ತಿಲ್ಲ. ಈಗ ಓಣಿಯ ಹೆಂಗಸರ ಜೊತೆ ಆಸ್ಪತ್ರೆಗೆ ನನ್ನ ಹೆಂಡತಿ ಹೋಗುತ್ತಾಳೆ. ಒಮ್ಮೊಮ್ಮೆ ಗಾಡಿಯಲ್ಲಿ ಬಿಡಲು ಹೋದಾಗ ನಾನು ಡಾಕ್ಟರ ಕೋಣೆಯ ಬಾಗಿಲ ಹೊರಗೇ ನಿಲ್ಲುತ್ತೇನೆ. ಒಳಗೆ ಯಾರೋ ತೆಲುಗಿನಲ್ಲಿ ಏನನ್ನೋ ಕೇಳುವುದು ಕೇಳಿಸುತ್ತದೆ. ಉತ್ತರ ಬರುವವರೆಗೂ ನನಗೆ ಉಸಿರು ಬಿಡಲಾಗುವುದಿಲ್ಲ.