ಸೂರಿನ ಮೇಲಿನ ಹಿಮ

ರಸ್ತೆ ಕೆಲಸಕ್ಕೆಂದು ಲಡಾಖಿಗೆ ಹೋಗಿದ್ದ ನನ್ನ ಮಗ, ಮಲಗಿದ್ದ ತಗಡಿನ ಶೆಡ್ಡು ಹಿಮದ ಭಾರಕ್ಕೆ ಕುಸಿದು ತೀರಿಕೊಂಡ. ಗಣಿತದ ಮೇಷ್ಟ್ರಾದ ನಾನು ಅಂದಿನಿಂದ ಆ ಭಾರವನ್ನು ಲೆಕ್ಕ ಹಾಕುತ್ತಲೇ ಇದ್ದೇನೆ. ಶೆಡ್ಡಿನ ಉದ್ದ, ಅಗಲ ಅವನ ಜೊತೆಗಾರರು ಹೇಳಿದ್ದಾರೆ. ಹಿಮದ ತೂಕ ಮಾತ್ರ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ.

ಮೊನ್ನೆ ಕೊಳ್ಳೇಗಾಲದಿಂದ ಹನೂರಿಗೆ ಹೊರಟ ಬಸ್ಸಿನಲ್ಲಿ ಒಡೆಯರಪಾಳ್ಯದ ಟಿಬೆಟನ್ ಶಿಬಿರದ ಅಜ್ಜರೊಬ್ಬರು ಪಕ್ಕದಲ್ಲಿ ಕೂತಿದ್ದರು. ತಡೆಯಲಾಗದೆ ಕೇಳಿದೆ: "ಅಜ್ಜ, ಸೂರಿನ ಮೇಲೆ ಹಿಮ ಜಾಸ್ತಿಯಾಯ್ತು ಅಂತ ನಿಮ್ಮ ದೇಶದಲ್ಲಿ ಹೇಗೆ ತಿಳೀತಿತ್ತು?"

"ಈ ಬಿಸಿಲಲ್ಲಿ ಹಿಮದ ಮಾತ್ಯಾಕ್ ಸಾ?" ಎಂದು ನಕ್ಕರು. "ನಾನಾಗ ಚಿಕ್ಕೋನು. ಬೆಳಿಗ್ಗೆ ಅವ್ವ ಬಾಗ್ಲು ತಗೀತಿದ್ಲು. ಬಾಗ್ಲು ಬಿಗಿಯಾದ್ರೆ ಮ್ಯಾಲೆ ಭಾರ ಅಂತ. 'ಎದ್ದೇಳು ಸೋಮಾರಿ' ಅಂತ ಅಪ್ಪನ ಕೈಗೆ ಸಲಿಕೆ ಕೊಟ್ಟು ಮ್ಯಾಕೆ ಅತ್ತಿಸ್ತಿದ್ಲು."

"ಬಾಗಿಲೇ ಇಲ್ಲದ ಶೆಡ್ಡಾದರೆ? ಬರೀ ಗೋಣಿ ಪರದೆ ಕಟ್ಟಿದ್ದರೆ?"

ಅಜ್ಜನ ನಗು ನಿಂತಿತು. ನನ್ನ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: "ಒಳಗೆ ಯಾರಿದ್ರು ಸಾ?"

ಅಷ್ಟರಲ್ಲಿ ಕಾಮಗೆರೆ ಬಂತು. ಟಿಕೆಟ್ ಹನೂರಿಗಿದ್ದರೂ ನಾನು ಅಲ್ಲೇ ಇಳಿದುಬಿಟ್ಟೆ. ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ದಿನಾ ಹೇಳುವವನು ನಾನೇ.